ಅಂಚಿನಲ್ಲಿ ಬಲಿತ ಮೂಳೆ

ಆನೇಮಹಲ್,
೨೪ ನವೆಂಬರ್ ೨೦೦೨, ಭಾನುವಾರ

ಪ್ರೀತಿಯ ಮಹೇಶಣ್ಣನಿಗೆ,

ತಂಗಿ ಪುಷ್ಪಾಳ ನಮಸ್ಕಾರ. ಹೇಗಿದ್ದೀಯ? ಹೊಸ ಕೃತಕ ಕಾಲು ತೊಡೆಯ ಮೊಂಡಿಗೆ ಉಜ್ಜಿ ಗಾಯವಾಗುತ್ತಿದೆ ಎಂದು ನೀನು ಹಿಂದಿನ ಕಾಗದದಲ್ಲಿ ಬರೆದಿದ್ದೆ. ಅದನ್ನು ಸಸಾರ ಮಾಡಬೇಡ. ಮೆತ್ತನೆಯ ಹತ್ತಿ ಬಟ್ಟೆ ಎರಡು ಸುತ್ತು ಸುತ್ತಿ ಹಾಕಿಕೋ. ಚರ್ಮ ಕೆಂಪಾದ ದಿನ ಕಾಲು ಮೂಲೆಗಿಟ್ಟು ಊರುಗೋಲಿನಲ್ಲೇ ಓಡಾಡು. ಸಿದ್ದಾಪುರದ ಕಡೆ ಚಳಿ ಶುರುವಾಗಿರಬೇಕು. ಕೊಯ್ಲಿನ ಕಾಲದಲ್ಲಿ ಎಸ್ಟೇಟಿನ ಸ್ಟೋರಿನಲ್ಲಿ ನಿನಗೆ ಕೂರಲು ಪುರುಸೊತ್ತು ಸಿಗುವುದಿಲ್ಲ ಎಂದು ಗೊತ್ತು. ಆದರೂ ಚೀಲ ಎಣಿಸುವಾಗಲಾದರೂ ಒಂದು ಸ್ಟೂಲು ಎಳೆದುಕೊಂಡು ಕೂತುಕೋ. ರಾತ್ರಿ ಊಟ ಮಾಡುತ್ತೀಯೋ, ಇಲ್ಲ ಹಿಂದಿನಂತೆ ಬನ್ನು-ಕಾಫಿಯಲ್ಲೇ ಮುಗಿಸುತ್ತೀಯೋ ನಿಜ ಬರೆ.

ಅವ್ವ ಗಟ್ಟಿಯಾಗಿದ್ದಾಳೆ. ಮಂಡಿ ನೋವು ಬಿಟ್ಟರೆ ಬೇರೆ ತೊಂದರೆ ಇಲ್ಲ. ಬೆಳಿಗ್ಗೆ ಏಳಕ್ಕೆಲ್ಲ ತಲೆಗೆ ಟವೆಲು ಸುತ್ತಿಕೊಂಡು ಕೆಲಸದ ಬಸಮ್ಮನ ಜೊತೆ ಹಣ್ಣು ಕೊಯ್ಯಲು ಇಳಿದುಬಿಡುತ್ತಾಳೆ. ಬೇಡ ಎಂದರೆ ನನ್ನ ಮೇಲೆಯೇ ರೇಗುತ್ತಾಳೆ. ನಾನು ನಾಲ್ಕು ದಿನ ರಜೆ ಹಾಕಿ ಬಂದಿದ್ದೇನೆ. ಕಣದಲ್ಲಿ ಕಾಫಿ ಹಣ್ಣು ಹರಡಿದೆ, ಅದನ್ನು ಕೆದಕುವ ಕೆಲಸ ನನ್ನದು. ನಾನು ಬಂದ ದಿನ ಅವ್ವ ಕೇಳಿದ ಮೊದಲ ಮಾತು, "ಮಂಗ್ಳೂರಾಗೆ ದೊಡ್ಡ ದೊಡ್ಡ ಡಾಕ್ಟ್ರುಗಳ ಮುಂದೆ ಮಾತಾಡಿದ್ಯಂತಲ್ಲ, ಚಪ್ಪಾಳೆ ಹೊಡುದ್ರಾ?" ಹೊಡೆದರು ಎಂದೆ. ಹೊಡೆದಿರಲಿಲ್ಲ. ನಾನು ಮಾತು ಮುಗಿಸಿದಾಗ ಆ ಸಭಾಂಗಣದಲ್ಲಿ ಒಬ್ಬರೂ ಕೈ ತಟ್ಟಲಿಲ್ಲ. ಯಾಕೆ ಎಂದು ನಿನಗೆ ಹೇಳುವುದಕ್ಕೇ ಈ ಕಾಗದ. ಮೂರು ಸಲ ಬರೆದು ಹರಿದಿದ್ದೇನೆ. ಎದುರು ನಿಂತು ಹೇಳುವ ಶಕ್ತಿ ನನಗಿಲ್ಲ, ಫೋನಿನಲ್ಲಿ ಹೇಳುವ ವಿಷಯವೂ ಅಲ್ಲ. ನೀನು ಸ್ಟೋರಿನಲ್ಲಿ ನಿಂತುಕೊಂಡು ಓದುತ್ತಿದ್ದರೆ ದಯವಿಟ್ಟು ಇದನ್ನು ಮಡಚಿಟ್ಟು, ಕೋಣೆಗೆ ಹೋಗಿ ಕುಳಿತು ಮುಂದಕ್ಕೆ ಓದು.

ನನ್ನ ಕೆಲಸ ಏನೆಂದು ನಿನಗೆ ಗೊತ್ತು. ಮೈಯಲ್ಲಿ ಗಡ್ಡೆ ಎದ್ದವರಿಂದ ತೆಗೆದ ಮಾಂಸದ ಚೂರನ್ನು ತೆಳ್ಳಗೆ ಕೊಯ್ದು, ಗಾಜಿನ ಸ್ಲೈಡಿಗೆ ಅಂಟಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಬರೆಯುವುದು. ಮಂಗಳೂರಿನ ಸಮ್ಮೇಳನಕ್ಕೆ ನಾನು ಆರಿಸಿಕೊಂಡದ್ದು ಮೂಳೆ ಮತ್ತು ಸ್ನಾಯುಗಳ ಗಡ್ಡೆಗಳನ್ನು. ಕಾಲೇಜಿನ ಹಳೆಯ ಬೀರುಗಳಲ್ಲಿ ಇಪ್ಪತ್ತೈದು ವರ್ಷದ ಸ್ಲೈಡುಗಳು ಮರದ ಡಬ್ಬಿಗಳಲ್ಲಿ ಧೂಳು ತಿನ್ನುತ್ತಿದ್ದವು. ಅವನ್ನೆಲ್ಲ ತೆಗೆದು ಒರೆಸಿ, ಹಿಂದೆ ಕ್ಯಾನ್ಸರ್ ಎಂದು ಬರೆದದ್ದರಲ್ಲಿ ಎಷ್ಟು ನಿಜವಾಗಿ ಕ್ಯಾನ್ಸರ್ ಎಂದು ಹೊಸ ಕಣ್ಣಿನಿಂದ ನೋಡುವುದು ನನ್ನ ವಿಷಯ. ನೂರಾ ಹನ್ನೆರಡರಲ್ಲಿ ನಾಲ್ಕು ಅಲ್ಲ ಎಂದು ಬಂತು. ಅವುಗಳಲ್ಲೊಂದು ತೊಡೆಯ ಗಡ್ಡೆ. ಅದನ್ನು ವಿವರವಾಗಿ ಬರೆಯುತ್ತೇನೆ, ಸಹಿಸಿಕೋ. ಮೂಳೆ ಕ್ಯಾನ್ಸರಿನ ಗಡ್ಡೆಯಾದರೆ ಅದರ ಅಂಚು ಎಳೆಯದಾಗಿ, ಹಸಿಯಾಗಿ, ಸುತ್ತಲಿನ ಮಾಂಸವನ್ನು ತಿನ್ನುತ್ತಾ ಹೋಗುತ್ತದೆ. ಆದರೆ ಜೋರು ಪೆಟ್ಟು ಬಿದ್ದ ಮಾಂಸಖಂಡದೊಳಗೆ ಕೆಲವು ಸಲ ಮೈಯೇ ತಪ್ಪು ತಿಳಿದು ಮೂಳೆ ಕಟ್ಟಿಬಿಡುತ್ತದೆ. ಆ ಗಡ್ಡೆಯ ನಡುಭಾಗ ಮೊದಲ ವಾರಗಳಲ್ಲಿ ಥೇಟು ಕ್ಯಾನ್ಸರಿನ ಹಾಗೇ ಕಾಣುತ್ತದೆ. ಅಂಚಿನಲ್ಲಿ ಮಾತ್ರ ಬಲಿತ ಮೂಳೆ ಇರುತ್ತದೆ, ಮೊಟ್ಟೆಯ ಸುತ್ತ ಓಡು ಇರುವ ಹಾಗೆ. ನಡುವಿನ ಚೂರನ್ನಷ್ಟೇ ನೋಡಿದವನು ಮೋಸ ಹೋಗುತ್ತಾನೆ. ಈ ಡಬ್ಬಿಯಲ್ಲಿ ಮೊದಲ ಸ್ಲೈಡು ನಡುವಿನ ಚೂರು. ಉಳಿದವು ಆಮೇಲೆ ಕತ್ತರಿಸಿದ ಕಾಲಿನವು. ಅವುಗಳ ಮೇಲೆ ಯಾರೋ "ಹಿಂದಿನ ವರದಿಯಂತೆ" ಎಂದು ಗೀಚಿ ಬಿಟ್ಟಿದ್ದರು. ಅವುಗಳಲ್ಲಿ ಅಂಚು ಸ್ಪಷ್ಟವಾಗಿ ಇತ್ತು. ಬಲಿತ, ಸ್ವಚ್ಛವಾದ ಮೂಳೆ. ಅಣ್ಣ, ನಾಚಿಕೆಯಿಂದ ಹೇಳುತ್ತೇನೆ, ಅದನ್ನು ನೋಡಿದಾಗ ನನಗೆ ಖುಷಿಯಾಯಿತು. ಅಪರೂಪದ್ದು ಸಿಕ್ಕಿತು, ಯಾವುದಾದರೂ ಸಮ್ಮೇಳನದಲ್ಲಿ ತೋರಿಸಲು ಒಳ್ಳೆಯದು ಎಂದುಕೊಂಡೆ. ಆಮೇಲೆ ಡಬ್ಬಿಯ ನಂಬರು ಹಿಡಿದು ಎಪ್ಪತ್ತೊಂಬತ್ತರ ರಿಜಿಸ್ಟರು ತೆರೆದು ನೋಡಿದೆ. ಮಹೇಶ, ಇಪ್ಪತ್ತು ವರ್ಷ, ತಂದೆ ವೀರಭದ್ರಯ್ಯ, ಆನೇಮಹಲ್.

ಬಳಸಿ ಬರೆದರೆ ಪ್ರಯೋಜನವಿಲ್ಲ. ನಿನಗೆ ಕ್ಯಾನ್ಸರ್ ಬಂದಿರಲಿಲ್ಲ. ನಿನ್ನ ಕಾಲು ತೆಗೆಯಬೇಕಾಗಿರಲಿಲ್ಲ. ಆರು ತಿಂಗಳು ಸುಮ್ಮನೆ ಬಿಟ್ಟಿದ್ದರೆ ಆ ಊತ ತಾನೇ ತಣ್ಣಗಾಗುತ್ತಿತ್ತು.

ಎಪ್ಪತ್ತೊಂಬತ್ತರಲ್ಲಿ ನನಗೆ ಹನ್ನೊಂದು ವರ್ಷ. ಆದರೂ ಒಂದೊಂದೂ ನೆನಪಿದೆ. ನೀನು ಅಪ್ಪನಿಗೆ ಹೇಳದೆ ಹಾಸನಕ್ಕೆ ಹೋಗಿ, ಮಿಲಿಟರಿಗೆ ಆಳು ಆರಿಸುವ ಜಾಗದಲ್ಲಿ ಓಡಿ, ಮೊದಲಿಗನಾಗಿ ಬಂದು, ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಸಂಜೆ ಬಸ್ಸಿಗೆ ಇಳಿದೆ. ಅಪ್ಪ ತೋಟದಲ್ಲಿ ಗುಂಡಿ ತೆಗೆಸುತ್ತಿದ್ದರು. "ಈ ಭೂಮಿ ನೋಡ್ಕಳೋನು ಯಾರ್ಲಾ? ಗಡೀಗೋಗಿ ಹೆಣ ಆಗ್ಬುಡ್ತೀಯಾ?" ಎಂದವರು ಕೈಯಲ್ಲಿದ್ದ ಗುದ್ದಲಿಯ ಕಾವಿನಿಂದ ಒಂದೇ ಒಂದು ಹೊಡೆದರು. ಬಲ ತೊಡೆಗೆ. ಅದಕ್ಕೆ ಮೊದಲು ಅವರು ನಿನ್ನ ಮೇಲೆ ಕೈ ಮಾಡಿದ್ದಿಲ್ಲ. ಹೊಡೆದ ಮೇಲೆ ಕಾವು ಬಿಸಾಕಿ ಅಲ್ಲೇ ಕೂತುಬಿಟ್ಟರು. ನಾನು ಸಿಲ್ವರ್ ಓಕ್ ಮರದ ಹಿಂದೆ ನಿಂತಿದ್ದೆ. ನೀನು ಕುಂಟುತ್ತಾ ಬಂದು, ನನ್ನ ತಲೆ ಸವರಿ, "ಯಾರ್ಗೂ ಹೇಳ್ಬ್ಯಾಡ ಕಣೇ ಪುಟ್ಟಿ, ಊರೋರು ಅಪ್ಪನ್ನ ಆಡ್ಕಂತಾರೆ" ಎಂದೆ. ಮೂರು ವಾರದಲ್ಲಿ ತೊಡೆ ಕಲ್ಲಿನಂತಾಯಿತು. ಆಲೂರಿನ ಡಾಕ್ಟರು ನೋಡಿ, ಈಗ ನಾನಿರುವ ಕಾಲೇಜಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು, ಮನೆಯಲ್ಲಿ ಬಿಡಲು ಯಾರೂ ಇರಲಿಲ್ಲ ಎಂದು. ಆ ಎಳೆಯ ಡಾಕ್ಟರು ಹಾಳೆ ಹಿಡಿದುಕೊಂಡು, "ಪೆಟ್ಟು ಏನಾದ್ರೂ ಬಿದ್ದಿತ್ತೇನಪ್ಪ?" ಎಂದು ಕೇಳಿದ್ದು, ನೀನು ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ನೋಡದೆ, "ಇಲ್ಲ ಸಾ, ಎಲ್ಲೂ ಬಿದ್ದಿಲ್ಲ. ತಾನೇ ಊದ್ಕಂಡೈತೆ" ಎಂದದ್ದು, ಅಪ್ಪ ತಲೆ ತಗ್ಗಿಸಿದ್ದು, ಮೂರನ್ನೂ ನಾನು ಬೆಂಚಿನ ಮೇಲೆ ಕೂತು ನೋಡಿದೆ. ಆ ಹಾಳೆ ಇವತ್ತಿಗೂ ಇದೆ. ಪೆಟ್ಟು ಬಿದ್ದಿತ್ತೇ ಎಂಬ ಸಾಲಿನ ಎದುರು ನೀಲಿ ಇಂಕಿನಲ್ಲಿ ಇಲ್ಲ ಎಂದಿದೆ.

ಇದನ್ನು ನಿನ್ನ ತಪ್ಪು ಎಂದು ತೋರಿಸಲು ಬರೆಯುತ್ತಿಲ್ಲ. ದೇವರಾಣೆ. ಒಂದು ಮಾತಿನಿಂದ ಅಪ್ಪನ ಮಾನ ಉಳಿಯುತ್ತದೆ ಎಂದರೆ ಆ ವಯಸ್ಸಿನ ಯಾವ ಒಳ್ಳೆಯ ಮಗ ಆ ಮಾತು ಹೇಳದೆ ಇರುತ್ತಾನೆ? ಆದರೆ ಅಪ್ಪನ ವಿಷಯ ಒಂದು ನಿನಗೆ ಗೊತ್ತಿಲ್ಲ. ಕಾಲು ಹೋದ ಮೇಲೆ ಅವರು ಗುದ್ದಲಿ ಮುಟ್ಟಲಿಲ್ಲ ಎಂದು ನಿನಗೂ ಗೊತ್ತು; ನಿನ್ನನ್ನು ಹೊತ್ತು ಬಚ್ಚಲಿಗೆ ಕರೆದೊಯ್ಯುತ್ತಿದ್ದದ್ದೂ ಗೊತ್ತು. ಡಾಕ್ಟರುಗಳು ಐವರಲ್ಲಿ ಒಬ್ಬ ಉಳಿದರೆ ಹೆಚ್ಚು ಎಂದಿದ್ದರು. ನೀನು ವರ್ಷ, ಎರಡು ವರ್ಷ, ಐದು ವರ್ಷ ಉಳಿದೆ. ಅವ್ವ ಸ್ವಾಮಿ ಕಣ್ಣು ಬಿಟ್ಟ ಎಂದು ಸೋಮವಾರ ಉಪವಾಸ ಹಿಡಿದಳು. ಅಪ್ಪ ಮಾತ್ರ ಒಳಗೊಳಗೇ ಬೇಯುತ್ತಿದ್ದರು. ನಾನು ಮೆಡಿಕಲ್ ಮೂರನೇ ವರ್ಷದಲ್ಲಿದ್ದಾಗ ರಜೆಗೆ ಬಂದಿದ್ದೆ. ನಾನು ಓದುತ್ತಿದ್ದ ಪುಸ್ತಕದ ಪಕ್ಕ ಬಂದು ಕುಳಿತು ಕೇಳಿದರು: "ಏಟು ಬಿದ್ರೆ ಆ ಕಾಯ್ಲೆ ಬತ್ತದಾ ಪುಟ್ಟಿ? ನಿನ್ ಪುಸ್ತಕದಾಗೆ ಏನ್ ಬರ್ದವ್ರೆ?" ನಾನು ಪುಸ್ತಕದಲ್ಲಿದ್ದದ್ದನ್ನೇ ಹೇಳಿದೆ, ಏಟಿನಿಂದ ಕ್ಯಾನ್ಸರ್ ಬರುವುದಿಲ್ಲ ಅಪ್ಪ ಎಂದು. "ಅಂಗಾರೆ ನನ್ನಿಂದಲ್ಲ" ಎಂದರು. ಹತ್ತು ವರ್ಷದಿಂದ ಹೊತ್ತಿದ್ದನ್ನು ಇಳಿಸಿದವರ ಹಾಗೆ ಉಸಿರು ಬಿಟ್ಟರು. ಎರಡು ವರ್ಷದ ಮೇಲೆ ತೀರಿಕೊಂಡರು. ನಾನು ಹೇಳಿದ್ದು ಸುಳ್ಳಲ್ಲ. ಆದರೂ ನೋಡು, ಏಟಿನಿಂದಲೇ ಬಂದದ್ದು ಅದು. ಬಂದದ್ದು ಕ್ಯಾನ್ಸರ್ ಆಗಿರಲಿಲ್ಲ, ಅಷ್ಟೇ. ಆ ಹೊತ್ತಿಗೆ ನಾನು ಅಪ್ಪನನ್ನು, "ಯಾಕಪ್ಪ ಕೇಳ್ತೀಯ?" ಎಂದು ಒಂದು ಮಾತು ತಿರುಗಿ ಕೇಳಲಿಲ್ಲ. ಯಾಕೆ ಕೇಳುತ್ತಿದ್ದಾರೆಂದು ಗೊತ್ತಿತ್ತಲ್ಲ.

ಇನ್ನು ಸಮ್ಮೇಳನ. ಆ ವರದಿಯ ಕೆಳಗಿದ್ದ ಸಹಿ ಯಾರದ್ದು ಎಂದೂ ಹೇಳಬೇಕು. ಡಾಕ್ಟರ್ ತಿಮ್ಮಯ್ಯನವರದ್ದು. ನನಗೆ ಈ ವಿದ್ಯೆ ಕಲಿಸಿದ ಗುರುಗಳು. ನನ್ನ ಎಂ.ಡಿ. ಮುಗಿದಾಗ ಪೇಡ ಕೊಡಲು ಹೋಗಿದ್ದೆವಲ್ಲ, ನೀನೂ ಬಂದಿದ್ದೆ. ನಿನ್ನ ಊರುಗೋಲು ನೋಡಿ ತಾವೇ ಕುರ್ಚಿ ತಂದು ಹಾಕಿದರು. ಆಗ ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಅವರು ನಿವೃತ್ತರಾಗಿ ನಾಲ್ಕು ವರ್ಷವಾಯಿತು, ಹಾಸನದಲ್ಲಿದ್ದಾರೆ. ಮಂಗಳೂರಿಗೆ ಹಿರಿಯರೆಂದು ಕರೆಸಿದ್ದರು, ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ನಾನು ಪರದೆಯ ಮೇಲೆ ಹಾಕಿದ ಚಿತ್ರಗಳಲ್ಲಿ ಹೆಸರು, ಸಹಿ ಎಲ್ಲ ಮುಚ್ಚಿದ್ದೆ. ದೀಪ ಆರಿಸಿ ಒಂದೊಂದೇ ಚಿತ್ರ ತೋರಿಸಿದೆ. ನಿನ್ನದು ಬಂದಾಗ ಧ್ವನಿ ನಡುಗಲಿಲ್ಲ, ಮನೆಯಲ್ಲಿ ಗೋಡೆಯ ಮುಂದೆ ನಿಂತು ಇಪ್ಪತ್ತು ಸಲ ಅಭ್ಯಾಸ ಮಾಡಿದ್ದೆ. ದೀಪ ಹತ್ತಿದ ಮೇಲೆ ತಿಮ್ಮಯ್ಯ ಸರ್ ಎದ್ದು ನಿಂತರು. ಅಲ್ಲಿ ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡುವುದು. ಅವರು ಕೇಳಿದ್ದು ಇಷ್ಟು: ನೀವು ತೋರಿಸಿದ ಆಸ್ಪತ್ರೆಯ ಹಾಳೆಯಲ್ಲಿ ಪೆಟ್ಟು ಬಿದ್ದಿರಲಿಲ್ಲ ಎಂದಿದೆ, ನಿಮ್ಮ ಪಟ್ಟಿಯಲ್ಲಿ ಬಿದ್ದಿತ್ತು ಎಂದಿದೆ, ಇಪ್ಪತ್ತಮೂರು ವರ್ಷದ ಮೇಲೆ ನಿಮಗೆ ಹೇಗೆ ತಿಳಿಯಿತು? ಕೆಡುಕಿನಿಂದ ಕೇಳಿದ್ದಲ್ಲ. ಸರಿಯಾದ ಪ್ರಶ್ನೆ, ನಮಗೆ ಪಾಠ ಹೇಳುವಾಗಲೂ ಅವರು ಹೀಗೇ ಕೇಳುತ್ತಿದ್ದರು. ರೋಗಿಯ ಮನೆಯವರನ್ನು ವಿಚಾರಿಸಿದೆ ಎಂದರೆ ಮುಗಿದುಹೋಗುತ್ತಿತ್ತು. ಆ ಉತ್ತರವನ್ನೇ ಸಿದ್ಧ ಮಾಡಿಕೊಂಡು ಹೋಗಿದ್ದೆ. ಬಾಯಿಗೆ ಬರಲಿಲ್ಲ. "ಹೊಡೆದಾಗ ನಾನು ಅಲ್ಲೇ ಇದ್ದೆ ಸರ್. ರೋಗಿ ನನ್ನ ಅಣ್ಣ" ಎಂದುಬಿಟ್ಟೆ, ಕನ್ನಡದಲ್ಲೇ.

ಸರ್ ಕುಳಿತುಕೊಳ್ಳಲಿಲ್ಲ. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು ಪರದೆಯನ್ನೇ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ಆ ರಿಪೋರ್ಟು ಬರೆದದ್ದು ನಾನು. ಅದರ ಕೆಳಗೆ ಇರೋದು ನನ್ನ ಸಹಿ" ಎಂದರು. ಅದಕ್ಕೇ ಅಣ್ಣ, ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ವಾಪಸು ಬರುವಾಗ ಒಂದೇ ಬಸ್ಸು. ಅವರು ಮುಂದೆ, ನಾನು ಹಿಂದೆ. ಘಾಟಿ ಹತ್ತಿ ಮುಗಿದು ಮಾರನಹಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅವರೇ ಎರಡು ಲೋಟ ಹಿಡಿದುಕೊಂಡು ಬಂದರು. ಒಂದನ್ನು ನನ್ನ ಕೈಗಿಟ್ಟರು. "ಪುಷ್ಪಾ, ಆಗಿನಿಂದ ಆ ರಿಪೋರ್ಟು ಬರೆದ ದಿನವನ್ನ ನೆನಪು ಮಾಡ್ಕೊಳ್ಳೋಕೆ ನೋಡ್ತಿದೀನಿ. ಬರ್ತಾನೇ ಇಲ್ಲ. ಜ್ವರ ಇತ್ತು, ಕೆಲಸ ಜಾಸ್ತಿ ಇತ್ತು, ಏನೋ ಒಂದು ನೆನಪಿದ್ದಿದ್ರೆ ಅದನ್ನಾದ್ರೂ ಹಿಡ್ಕೊಳ್ತಿದ್ದೆ. ಸುಮ್ನೆ ಒಂದು ದಿನ, ಸುಮ್ನೆ ಒಂದು ಸ್ಲೈಡು. ಲ್ಯಾಬಿನಿಂದ ವಾರ್ಡಿಗೆ ಎಷ್ಟು ದೂರಮ್ಮ? ಎದ್ದು ಹೋಗಿ ಆ ಹುಡುಗನ ಎಕ್ಸ್‌ರೇ ಒಂದು ಸಲ ನೋಡಿ ಬರಲಿಲ್ಲವಲ್ಲ" ಎಂದರು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಪ್ರತಿದಿನ ನಾನೂ ಹಾಗೆ ಎದ್ದು ಹೋಗದೆಯೇ ಸಹಿ ಮಾಡುತ್ತೇನೆ. ಬಸ್ಸಿನವನು ಹಾರ್ನು ಹೊಡೆದ ಮೇಲೆ ಅವರು ಮತ್ತೊಂದು ಮಾತು ಕೇಳಿದರು. "ನಾನು ಬಂದು ಅವರನ್ನ ಒಂದು ಸಲ ಕಾಣಬಹುದಾ? ಕ್ಷಮಿಸಿ ಅನ್ನೋಕಲ್ಲ, ಆ ಮಾತು ಹೇಳೋ ಯೋಗ್ಯತೆ ನನಗಿಲ್ಲ. ಅವರು ಏನು ಹೇಳ್ತಾರೋ ಅದನ್ನ ಕೇಳಿಸ್ಕೊಳ್ಳೋಕೆ." ಅಣ್ಣನನ್ನು ಕೇಳಿ ತಿಳಿಸುತ್ತೇನೆ ಎಂದಿದ್ದೇನೆ. ನೀನು ಬೇಡ ಎಂದರೆ ಬೇಡ. ನನ್ನ ಗುರುಗಳೆಂದು ದಾಕ್ಷಿಣ್ಯ ಮಾಡಬೇಡ. ನಿನ್ನ ಕಾಲು ಹೋದ ಮೇಲೇ ಅಲ್ಲವೇ, ನಾನು ಡಾಕ್ಟರಾಗಬೇಕೆಂದು ಹಟ ಹಿಡಿದದ್ದು? ಆ ಗುರುಗಳ ಹತ್ತಿರವೇ ಹೋಗಿ ಸೇರಿದೆ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಅವ್ವನಿಗೆ ಏನೂ ಹೇಳಿಲ್ಲ. ನಿನ್ನೆ ಕಣದಲ್ಲಿ ಕುಳಿತು, "ನಮ್ಮ ಮಹೇಸನ್ನ ಆ ಸಾವಿನ ಬಾಯಿಂದ ಕಿತ್ಕಂಡ್ ಬಂದಿವ್ನಿ ಕಣೇ, ಇನ್ನೇನ್ ಬೇಕು ನಂಗೆ" ಎಂದು ಬಸಮ್ಮನಿಗೆ ಹೇಳುತ್ತಿದ್ದಳು. ನೀನು ಬದುಕಿ ಉಳಿದದ್ದು ಅವಳ ಜೀವನದಲ್ಲಿ ಗೆದ್ದ ಒಂದೇ ಒಂದು ಯುದ್ಧ. ಅದನ್ನು ಕಿತ್ತುಕೊಳ್ಳಬೇಕೇ ಬೇಡವೇ ಎಂಬುದನ್ನು ನಾನು ತೀರ್ಮಾನ ಮಾಡಲಾರೆ. ನೀನೇ ಹೇಳು. ಹೇಳುವುದಾದರೆ ನಾವಿಬ್ಬರೂ ಕೂತು ಹೇಳೋಣ. ಬೇಡ ಎಂದರೆ ನನ್ನೊಳಗೇ ಇರುತ್ತದೆ.

ಇನ್ನೇನು ಬರೆಯಲಿ. ಮೈ ಕಡೆ ನಿಗಾ ಇರಲಿ. ಅವ್ವ ತನ್ನ ಆಶೀರ್ವಾದ ಬರೆಯಲು ಹೇಳಿದ್ದಾಳೆ, ಹುರುಳಿಕಾಳು ಹುರಿದು ಕಟ್ಟಿಟ್ಟಿದ್ದಾಳೆ, ಆ ಕಡೆ ಯಾರಾದರೂ ಬರುವವರಿದ್ದರೆ ಕಳಿಸುತ್ತಾಳಂತೆ. ಬಸಮ್ಮನೂ ನಿನ್ನನ್ನು ಕೇಳಿದಳು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಎಂದು ಬರೆಯಲು ಹೊರಟು ಪೆನ್ನು ನಿಂತಿತು. ಆದರೂ ಬರೆಯುತ್ತೇನೆ, ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಪುಷ್ಪಾ

ತಾ. ಕ.: ಅಂಟಿಸಿದ ಕವರನ್ನು ಮತ್ತೆ ಬಿಡಿಸಿದೆ. ಬಸಮ್ಮ ಪೇಟೆಗೆ ಹೊರಟು ನಿಂತಿದ್ದಾಳೆ, ಅವಳ ಕೈಯಲ್ಲೇ ಅಂಚೆ ಡಬ್ಬಿಗೆ ಹಾಕಿಸಬೇಕು, ಇಲ್ಲದಿದ್ದರೆ ಇದನ್ನೂ ಹರಿಯುತ್ತೇನೆ. ಇಷ್ಟೆಲ್ಲ ಬರೆದೂ ಆ ಸ್ಲೈಡುಗಳು ನನಗೆ ಸಿಕ್ಕಿದ್ದು ಯಾವಾಗ ಎಂದು ಬರೆಯದೆ ಜಾರಿಕೊಂಡಿದ್ದೇನೆ. ಈ ವರ್ಷವಲ್ಲ ಅಣ್ಣ. ತೊಂಬತ್ತೊಂಬತ್ತರ ಅಕ್ಟೋಬರ್. ಮೂರು ವರ್ಷದಿಂದ ನನಗೆ ಗೊತ್ತು. ಅವ್ವನ ಸಲುವಾಗಿ, ಸರ್ ಸಲುವಾಗಿ ಎಂದು ನನಗೆ ನಾನೇ ಹೇಳಿಕೊಂಡೆ, ನಿಜ ಹೇಳಬೇಕೆಂದರೆ ನಿನ್ನ ಮುಖ ನೋಡಲು ಹೆದರಿದೆ. ಎರಡು ವರ್ಷದ ಹಿಂದೆ ಬಾಳ್ಳುಪೇಟೆಯ ಸರೋಜಾ ಟೀಚರ ಮನೆಯವರು ಸಂಬಂಧ ಕೇಳಿಕೊಂಡು ಬಂದಿದ್ದರಲ್ಲ. ಕಾಲಿಲ್ಲದಿದ್ದರೇನು, ಮನುಷ್ಯ ಒಳ್ಳೆಯವರು ಎಂದು ಆಕೆಯೇ ಹೇಳಿ ಕಳಿಸಿದ್ದಳು. ನೀನು, "ನನ್ ಕಾಯ್ಲೆ ಯಾವತ್ತು ತಿರುಗ್ತದೋ, ಒಂದು ಹೆಣ್ಣಿನ ಬಾಳು ಯಾಕೆ ಹಾಳು ಮಾಡ್ಲಿ? ಬೇಕಾರೆ ನನ್ ತಂಗಿ ಡಾಕ್ಟ್ರವ್ಳೆ, ಕೇಳಿ" ಎಂದು ನನ್ನ ಕಡೆ ತಿರುಗಿದೆ. ನಾನು ಏನೆಂದೆ ನೆನಪಿದೆಯೇ? "ಹೇಳೋಕೆ ಬರಲ್ಲ" ಎಂದೆ. ಗೊತ್ತಿದ್ದೂ ಹಾಗೆಂದೆ. ಹೋದ ವರ್ಷ ಆಕೆಗೆ ಅರಸೀಕೆರೆಯ ಕಡೆ ಮದುವೆಯಾಯಿತು. ನಿನ್ನ ಕಾಲು ತೆಗೆದವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಬಯ್ಯಬೇಕೆನಿಸಿದರೆ ಬಾಯಿಗೆ ಬಂದಂತೆ ಬಯ್ದು ಬರೆ. ಆದರೆ ಬರೆ.